ಗುತ್ತಿಗೆ ಕಾರ್ಮಿಕರ ಹೋರಾಟಕ್ಕ ಸುತ್ತಲ ಹಳ್ಳಿಯವ್ರು ಯಾಕ ಬರಬೇಕು? ಗಿಣಿಗೇರಿ ಭಾಗದ ಲೆಕ್ಕಾಚಾರ (ಒಂದು ಚರ್ಚೆ; ಪ್ರತಿ ಮಾತಿನ ಮೇಲೆ ಬರೆದವರ ಅಡ್ಡಹೆಸರು, ಊರು)

ಗೇಟ್ ನಂಬರ್ ಎರಡು, ಕೊಪ್ಪಳ

ಗಿಣಿಗೇರಿ ಕಡಿ ಒಂದು ಸ್ಪಾಂಜ್ ಐರನ್ (ಉಕ್ಕು ಮಾಡಾಕ ಬೇಕಾದ ಕಚ್ಚಾ ಕಬ್ಬಿಣ) ಕಾರ್ಖಾನಿ ಅಂತ ಇಟ್ಕೊಳ್ರಿ. ಮೂರು ಗುತ್ತಿಗೆದಾರರ ಕೈಕೆಳಗ 380 ಮಂದಿ. ಮುಂದಿನ ಟೆಂಡರ್‌ನ್ಯಾಗ ಗುತ್ತಿಗೆದಾರ ಬದಲಾಗ್ತಾನ, ಹಳೇ ಮಂದಿ ಹೊರಗ, ಹೊಸಬರು ಒಳಗ. ಸಂಘದ ನೋಂದಣಿ ಆಗೇತಿ, ಆದ್ರ ಬರೇ ಗೇಟಿನ ಬಲದಿಂದ ಇದು ಆಗೂದಲ್ಲ. ಹಿರೇಬಗನಾಳ, ಅಲ್ಲಾನಗರ, ಕಾಸನಕಂಡಿ, ಕುಣಿಕೇರಿ ಮಂದಿ, ರೈತ ಸಂಘ, ಮಹಿಳಾ ಸಂಘ ಎಲ್ಲಾರೂ ಜೋಡಿ ನಿಲ್ಲಬೇಕು. ಹಳ್ಳಿಯವ್ರು ಕೇಳೂದು ಒಂದ ಮಾತು: "ನಿಮ್ಮ ಕಾರ್ಖಾನಿ ಹೊಗಿಗೆ ನಮ್ಮ ಬೆಳಿ ಕರ್ರಗಾಗೇತಿ, ನಿಮ್ಮ ಪಗಾರಕ್ಕ ನಾವ್ಯಾಕ ಬರೂಣು?" ಇದಕ್ಕ ಉತ್ತರ ಏನು, ಮೊದಲ ಹೆಜ್ಜಿ ಯಾವುದು? ಭಾಷಣ ಬ್ಯಾಡ್ರಿ, ಕೆಲಸದ ಮಾತು ಹೇಳ್ರಿ.

ಹಾಜರಿ ಪುಸ್ತಕ, ಬಳ್ಳಾರಿ

ಮೊದಲ ಹೆಜ್ಜೆ ಸಭೆಯಲ್ಲ, ಪಟ್ಟಿ. 380 ಹೆಸರು ಗುತ್ತಿಗೆದಾರವಾರು ಬರೆದಿಟ್ಟಿರುತ್ತೀರಿ. ಅದನ್ನೇ ಊರುವಾರು ತಿರುಗಿಸಿ ಬರೆಯಿರಿ. ಒಂದು ಉದ್ದ ನೋಟ್‌ಬುಕ್, ಊರಿಗೆ ನಾಲ್ಕು ಪುಟ. ಕಾಲಂ ಐದು ಸಾಕು: ಹೆಸರು, ಓಣಿ, ಪಾಳಿ, ಮನೆಗೆ ಹೊಲ ಇದೆಯೋ ಇಲ್ಲವೋ, ಮನೆಯವರು ಯಾವ ಸಂಘದಲ್ಲಿದ್ದಾರೆ. ಕೊನೆಯ ಎರಡು ಕಾಲಂ ತುಂಬುವಾಗಲೇ ನಿಮಗೆ ಉತ್ತರ ಸಿಗುತ್ತದೆ. ಇವನ ತಾಯಿ ಸ್ತ್ರೀಶಕ್ತಿ ಗುಂಪಿನಲ್ಲಿ, ಅವನ ಅಣ್ಣ ರೈತ ಸಂಘದಲ್ಲಿ, ಇನ್ನೊಬ್ಬನ ಅತ್ತಿಗೆ ಆಶಾ ಕಾರ್ಯಕರ್ತೆ. ಕರ್ರಗಾದ ಬೆಳೆಯ ಹೊಲ ಎಷ್ಟೋ ಸಲ ಗೇಟಿನೊಳಗೆ ದುಡಿಯುವವನ ಅಪ್ಪನದೇ ಆಗಿರುತ್ತದೆ.

ಪುಸ್ತಕ ಒಬ್ಬರ ಮನೆಯಲ್ಲಿರಲಿ. ಫೋಟೊ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. 200 ಜನರ ಗುಂಪಿನಲ್ಲಿ ಮೇಸ್ತ್ರಿ ಕಡೆಯವರು ಇಬ್ಬರಾದರೂ ಇರುತ್ತಾರೆ.

ಆಮೇಲೆ ಊರಿಗೆ ಇಬ್ಬರನ್ನು ಗೊತ್ತುಮಾಡಿ. ಒಬ್ಬ ಕೆಲಸಗಾರ, ಇನ್ನೊಬ್ಬರು ಕಾರ್ಖಾನೆಗೆ ಹೋಗದ ಮನೆಯವರು, ಆದಷ್ಟೂ ಹೆಂಗಸರು. ಅವರು ಮನೆ ಮನೆಗೆ ಹೋದಾಗ "ಬೆಂಬಲ ಕೊಡಿ" ಅನ್ನಬಾರದು. ಕೇಳಬೇಕಾದ್ದು ಮೂರು: ಕುಡಿಯುವ ನೀರು ಎಲ್ಲಿಂದ, ಧೂಳು ಯಾವ ಹೊತ್ತಿಗೆ ಹೆಚ್ಚು, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಕೊಪ್ಪಳಕ್ಕೆ ಹೇಗೆ ಹೋಗುತ್ತೀರಿ. ಅರ್ಧಕ್ಕಿಂತ ಹೆಚ್ಚು ಊರಲ್ಲಿ ಬಂದ ಉತ್ತರ ನಿಮ್ಮ ಬೇಡಿಕೆ ಪಟ್ಟಿಯ ಮೊದಲ ಐದರೊಳಗೆ ಬರಲಿ. ಹದಿನೇಳನೇ ನಂಬರಿಗೆ "ಗ್ರಾಮಸ್ಥರ ಸಮಸ್ಯೆಗಳನ್ನೂ ಪರಿಹರಿಸಬೇಕು" ಎಂದು ಹಾಕುವುದಿದೆಯಲ್ಲ, ಅದನ್ನು ಓದಿದವರಿಗೆ ತಮ್ಮನ್ನು ಯಾಕೆ ಕರೆದಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ಸಭೆಯ ಜಾಗದ ಬಗ್ಗೆಯೂ ಒಂದು ಮಾತು. ಗುಡಿ ಕಟ್ಟೆ ಬೇಡ. ಗೂಡು (ಅದಿರು ಕಾಯಿಸುವ ಕುಲುಮೆ) ಕ್ಲೀನಿಂಗ್, ಬೂದಿ ಎತ್ತುವ ಕೆಲಸದಲ್ಲಿ ದಲಿತ ಕೇರಿಯ ಹುಡುಗರೇ ಹೆಚ್ಚಾಗಿ ಇರುತ್ತಾರೆ. ಕಟ್ಟೆ ಮೇಲೆ ಸಭೆ ಇಟ್ಟರೆ ಅವರು ದೂರ ನಿಂತು ಕೇಳಿ ಹೋಗುತ್ತಾರೆ, ಬಾಯಿ ಬಿಡುವುದಿಲ್ಲ. ಶಾಲೆ ಮೈದಾನ ಇಲ್ಲವೆ ಪಂಚಾಯಿತಿ ಮುಂದಿನ ಜಾಗ ನೋಡಿ.

ಸಜ್ಜಿ ರೊಟ್ಟಿ, ಕೊಪ್ಪಳ

ಧೂಳಿನ ವಿಷಯದಾಗ ಒಳಗಿನವ್ರಿಗೆ ಗೊತ್ತಿದ್ದದ್ದು ಹೊರಗಿನವ್ರಿಗೆ ಗೊತ್ತಿಲ್ಲ, ಹೊರಗಿನವ್ರು ಉಂಡದ್ದು ಒಳಗಿನವ್ರಿಗೆ ಗೊತ್ತಿಲ್ಲ. ಎರಡೂ ಕೂಡಿಸೂದ ಕೆಲಸ.

ಗೂಡಿನ ಹೊಗಿ ಇಎಸ್‌ಪಿ ಅನ್ನೋ ಧೂಳು ಹಿಡಿಯೋ ಯಂತ್ರದಾಗ ಹಾದು ಚಿಮಣಿಗೆ ಹೋಗಬೇಕು. ಅದಕ್ಕ ಕರೆಂಟ್ ಖರ್ಚು ಐತಿ. ಯಂತ್ರ ಕೆಟ್ಟಾಗ, ಆರಿಸಿದಾಗ, ಇಲ್ಲಾ ತುರ್ತು ಚಿಮಣಿ ಮುಚ್ಚಳ ತೆರದಾಗ ಕರೇ ಹೊಗಿ ಸೀದಾ ಹೊರಗ. ಕತ್ತಲದಾಗ ಅದು ಯಾರ ಕಣ್ಣಿಗೂ ಬೀಳಂಗಿಲ್ಲ, ಮುಂಜಾನಿ ಮಾಳಿಗಿ ಮ್ಯಾಲ ಬರಿಗಾಲಿಟ್ಟಾಗ ಗೊತ್ತಾಕ್ಕತಿ.

ಮಾಡೂದು ಇಷ್ಟ. ಊರಾಗ ಐದು ಮನಿ ಆರಿಸ್ರಿ, ನಾಲ್ಕು ದಿಕ್ಕಿಗೆ ಒಂದೊಂದು, ನಡುವ ಒಂದು. ಮಾಳಿಗಿ ಮ್ಯಾಲ ಒಂದ ಅಳತಿ ಸ್ಟೀಲ್ ತಾಟು. ಮಧ್ಯಾಹ್ನ 2, ರಾತ್ರಿ 10, ಮುಂಜಾನಿ 6, ಅಂದ್ರ ಪಾಳಿ ಬದಲಾಗೋ ಹೊತ್ತಿಗೆ, ಒದ್ದಿ ಮಾಡಿದ ಬಿಳಿ ಅರಿವಿ ತುಣುಕಿನಿಂದ ತಾಟು ಒರಸ್ರಿ. ತುಣುಕಿನ ಮ್ಯಾಲ ತಾರೀಖು, ತಾಸು, ಓಣಿ, ಗಾಳಿ ಯಾವ ಕಡಿಯಿಂದ ಬೀಸ್ತಿತ್ತು ಅಂತ ಬರದು, ಒಣಗಿಸಿ ಪ್ಲಾಸ್ಟಿಕ್ ಚೀಲಕ್ಕ ಹಾಕ್ರಿ. 15 ದಿನ. ಐದು ಮನಿ, ಮೂರು ಹೊತ್ತು, 15 ದಿನ ಅಂದ್ರ 225 ತುಣುಕು. ಒಂದು ಹಗ್ಗಕ್ಕ ಸಾಲಾಗಿ ಕಟ್ಟಿ ಡಿಸಿ ಕಚೇರಿ ಮುಂದ ಹಿಡದ್ರ ಮೈಕ್ ಬೇಕಾಗಂಗಿಲ್ಲ.

ಇದು ಲ್ಯಾಬ್ ಪುರಾವಿ ಅಲ್ಲ, ಹಂಗಂತ ಎಲ್ಲೂ ಹೇಳಬ್ಯಾಡ್ರಿ. ಮಾಲಿನ್ಯ ನಿಯಂತ್ರಣ ಮಂಡಳಿಯವ್ರು ಹಗಲು 11ಕ್ಕ ಬಂದು ಅಳದು ಹೋಗೂದರ ಬದಲು "ರಾತ್ರಿ 1 ಗಂಟೆಗೆ, ಇಂಥಾ ಓಣಿಯೊಳಗ ಅಳೀರಿ" ಅಂತ ಕೇಳಾಕ ಆಧಾರ, ಅಷ್ಟ.

ಒಳಗಿನ ಕೆಲಸಗಾರ ಕಾಗದದ ಮ್ಯಾಲ ಎಲ್ಲೂ ಬರಬಾರದು. ಯಂತ್ರ ಯಾವಾಗ ಆರಿತ್ತು ಅಂತ ಅವ ಹೇಳಿದ್ರ ಅದು ಹಳ್ಳಿಯವ್ರ ಕಿವಿಗೆ ಮಾತ್ರ. ಸಹಿ ಹಳ್ಳಿಯವ್ರದ. ಇನ್ನ ಮಾಹಿತಿ ಹಕ್ಕಿನ ಅರ್ಜಿ ಹಾಕೂದಾದ್ರ, ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದದೊಳಗ. 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ. ಪರವಾನಗಿ ಷರತ್ತು, ಚಿಮಣಿ ಅಳತಿ ವರದಿ, ನೀರಿನ ಲೆಕ್ಕ ಎಲ್ಲಾ ಒಂದ ಅರ್ಜಿಯೊಳಗ ತುರುಕಿದ್ರ ವಾಪಸ್ ಬರ್ತೈತಿ. ಮೂರು ಅರ್ಜಿ ಮಾಡ್ರಿ.

ಎಡದಂಡೆ, ಗಂಗಾವತಿ

ಅಕ್ಕಾರ, ತಾಟಿನ ಲೆಕ್ಕ ಚಲೋ ಐತಿ. ಆದ್ರ ಒಂದು ಅಪಾಯ ಐತ್ರಿ. ನಾಳೆ ಮಂಡಳಿಯವ್ರು ಬಂದು "ಒಂದು ಗೂಡು ನಿಲ್ಸು" ಅಂದ್ರು ಅನ್ರಿ. ನಿಂತ ಗೂಡಿನ 60 ಮಂದಿ ಮನಿಗೆ. ಅವತ್ತ ಸಂಜಿಗೆ ಮ್ಯಾನೇಜರ್ ಹೇಳ್ತಾನ, "ನಿಮ್ಮ ಊರಿನ ಮಂದಿನ ನಿಮ್ಮ ಅನ್ನ ಕಸಗೊಂಡ್ರು." ಮೈತ್ರಿ ಅಲ್ಲಿಗೇ ಮುಗೀತು. 2025ರ ಫೆಬ್ರವರಿ 24ರ ಕೊಪ್ಪಳ ಬಂದ್ ನೆನಪಿಲ್ಲೇನ್ರಿ? ಉಕ್ಕಿನ ಕಾರ್ಖಾನಿ ವಿಸ್ತರಣಿ ಬ್ಯಾಡ ಅಂತ ಗವಿಮಠದ ಸ್ವಾಮೀಜಿ ಮುಂದ ನಿಂತಾಗ ಊರಿಗೆ ಊರ ಬೀದಿಗೆ ಬಂತು. ಹೊಸದು ಬ್ಯಾಡ ಅನ್ನೂದು ಬ್ಯಾರೆ, ಇದ್ದದ್ದರಾಗ ದುಡಿಯೋ ಮಂದಿ ಬ್ಯಾರೆ. ಎರಡನ್ನೂ ಒಂದ ಘೋಷಣೆಯೊಳಗ ಹಾಕಿದ್ರ ಇಬ್ರಿಗೂ ಅನ್ಯಾಯ.

ಅದಕ್ಕ ಮೊದಲ ಒಂದು ಪುಟದ ಒಪ್ಪಂದ ಬರೀರಿ. ಹಳ್ಳಿಯವ್ರು ಇದ್ದ ಕಾರ್ಖಾನಿ ಮುಚ್ಚು ಅನ್ನಂಗಿಲ್ಲ, ರಿಪೇರಿ ಮಾಡು ಅಂತಾರ. ಸಂಘದವ್ರು ಧೂಳ ಇಲ್ಲ ಅಂತ ಎಲ್ಲೂ ಅನ್ನಂಗಿಲ್ಲ, ಕಂಪನಿ ಬಸ್ಸಿನ್ಯಾಗ ಕುಂತು ಹಳ್ಳಿಯವ್ರ ವಿರುದ್ಧ ಸಭೆಗೆ ಹೋಗಂಗಿಲ್ಲ. ರಿಪೇರಿಗೆ ಗೂಡು ನಿಂತಷ್ಟು ದಿನದ ಪೂರಾ ಪಗಾರಕ್ಕ ಇಬ್ರೂ ಕೂಡಿ ಕೇಳ್ತಾರ. ಕಾನೂನಿನ ಲೇ-ಆಫ್ (ಕೆಲಸ ಇಲ್ಲಂತ ಸ್ವಲ್ಪ ದಿನ ಮನಿಗೆ ಕಳಿಸೂದು) ಪರಿಹಾರ ಅರ್ಧ ಪಗಾರ ಮಾತ್ರ, ಅದೂ ಒಂದು ವರ್ಷದ ನಿರಂತರ ಸೇವಾ ತೋರಿಸಿದವ್ರಿಗೆ. ಗುತ್ತಿಗೆದಾರನ್ನ ಬದಲಿ ಮಾಡ್ತಾ ಹೋದ್ರ ಆ ಒಂದು ವರ್ಷ ತುಂಬೂದ ಇಲ್ಲ. ಗೇಟ್ ಅಣ್ಣಾರ, ನಿಮ್ಮ ಟೆಂಡರ್ ಜಗಳಕ್ಕೂ ಧೂಳಿಗೂ ಗಂಟು ಬಿದ್ದದ್ದು ಇಲ್ಲೇ ನೋಡ್ರಿ.

ಸಂಡೂರು ರಸ್ತೆ, ಬಳ್ಳಾರಿ

ಎಡದಂಡೆಯವರ ಮಾತಿಗೆ ನಮ್ಮ ಕಡೆ ಉದಾಹರಣೆ ಐತೆ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು, ಅದರಾಗೆ ಎರಡು ಮಾತಿಲ್ಲ. ಆದ್ರೆ ಅದೇ ದಿನ ಗಣಿ ಕೂಲಿಯಿಂದ ಹಿಡಿದು ಲಾರಿ ಕ್ಲೀನರು, ರಸ್ತೆ ಬದಿ ಖಾನಾವಳಿಯವರವರೆಗೆ ದುಡಿಮೆ ನಿಂತೋಯ್ತು. ಗುಡ್ಡ ಉಳಿಸಿ ಅನ್ನೋರ ಪಟ್ಟಿಯಾಗೆ ಕೂಲಿ ಇರ್ಲಿಲ್ಲ, ಕೂಲಿಯೋರ ಪಟ್ಟಿಯಾಗೆ ಗುಡ್ಡ ಇರ್ಲಿಲ್ಲ.

ಎರಡೂ ಒಂದೇ ಪಟ್ಟಿಯಾಗೆ ಇರಬಹುದು ಅಂತ ತೋರಿಸಿದ್ದು ಛತ್ತೀಸ್‌ಗಢದ ದಲ್ಲಿ ರಾಜಹರಾ. ಅಲ್ಲೂ ಕಬ್ಬಿಣದ ಅದಿರೇ, ಅಲ್ಲೂ ಗುತ್ತಿಗೆ ಕೂಲಿಗಳೇ. 1977ರಾಗೆ ಕಾರ್ಮಿಕ ನಾಯಕ ಶಂಕರ್ ಗುಹಾ ನಿಯೋಗಿ ಜೊತೆ ಗಣಿ ಕಾರ್ಮಿಕರು ಸಂಘ ಕಟ್ಟಿದ್ರು. ಕೂಲಿ ಜಗಳದ ಜೊತೆಗೇ ಹೆಂಡದ ವಿರುದ್ಧ ಚಳವಳಿ ಮಾಡಿದ್ರು, 1983ರಾಗೆ ತಮ್ಮದೇ ದುಡ್ಡು ತಮ್ಮದೇ ಶ್ರಮದಿಂದ ಶಹೀದ್ ಆಸ್ಪತ್ರೆ ತೆರೆದ್ರು. ಸುತ್ತಲ ಆದಿವಾಸಿ ಹಳ್ಳಿಯೋರಿಗೂ ಅದೇ ಆಸ್ಪತ್ರೆ. ನಿಯೋಗಿಯವರನ್ನು 1991ರ ಸೆಪ್ಟೆಂಬರ್ 28ಕ್ಕೆ ಕೊಂದರು, ಆಸ್ಪತ್ರೆ ನಿಲ್ಲಲಿಲ್ಲ. ನೀವು ಆಸ್ಪತ್ರೆ ಕಟ್ಟಿ ಅಂತಲ್ಲ. ತಿಂಗಳಿಗೊಂದು ದಿನ ಊರಾಗೆ ಬಿಪಿ, ಶುಗರ್, ಉಸಿರಾಟದ ತಪಾಸಣೆ ಇಟ್ಟು ಬ್ಯಾನರ್ ಮೇಲೆ ಸಂಘದ ಹೆಸರು ಹಾಕ್ರಿ. ಅಷ್ಟಕ್ಕೇ ಮಾತುಕತೆ ಬೇರೆ ಆಗ್ತದೆ.

ಇನ್ನೊಂದು, ಯಾವ ಆಫೀಸಿಗೆ ಹೋಗಬೇಕು ಅನ್ನೋದು. ಗಣಿಗೆ ಕೇಂದ್ರದ ಕಾರ್ಮಿಕ ಅಧಿಕಾರಿ, ಅವರ ಸಹಾಯಕ ಆಯುಕ್ತರ ಕಚೇರಿ ಬಳ್ಳಾರಿಯಾಗೆ ಐತೆ. ಕಾರ್ಖಾನೆಗೆ ರಾಜ್ಯದ ಕಾರ್ಮಿಕ ಇಲಾಖೆ. ಹಟ್ಟಿ ಚಿನ್ನದ ಗಣಿ ಕಂಪನಿ ರಾಜ್ಯ ಸರ್ಕಾರದ್ದೇ ಆದ್ರೂ ಗಣಿ ಗಣಿಯೇ, ಅದು ಕೇಂದ್ರದ ಕಡೆ. ತಪ್ಪು ಮೇಜಿನ ಮೇಲೆ ಮನವಿ ಇಟ್ಟು ಎರಡು ತಿಂಗಳು ಕಳೆದ ಮೇಲೆ "ಇದು ನಮಗೆ ಬರಲ್ಲ" ಅನ್ನಿಸ್ಕೊಳ್ಳೋದು ಭಾಳ ನಡೀತದೆ.

ಗೇಟ್ ನಂಬರ್ ಎರಡು, ಕೊಪ್ಪಳ

ಮುಷ್ಕರಕ್ಕ ಹೋಗಬೇಕಾದ್ರ ಈಗಿನ ಹೊಸಾ ಕಾನೂನಿನ್ಯಾಗ ಹ್ಯಾಂಗ? ಹಳ್ಳಿಯವ್ರಿಂದ ಚಂದಾ ಎತ್ತಬಹುದಾ? ಮತ್ತ ಗುತ್ತಿಗೆದಾರರು 49 ಮಂದಿ ಮ್ಯಾಲ ಹೆಸರ ಹಚ್ಚಂಗಿಲ್ಲ ಅಂತಾರ, ಅದೇನದು?

ಹಾಜರಿ ಪುಸ್ತಕ, ಬಳ್ಳಾರಿ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ನೋಟಿಸ್ ಕೊಟ್ಟು 14 ದಿನ ಕಳೆಯುವವರೆಗೆ ಮುಷ್ಕರ ಮಾಡುವಂತಿಲ್ಲ. ನೋಟಿಸ್‌ಗೆ 60 ದಿನದ ಆಯುಷ್ಯ, ಅದು ದಾಟಿದರೆ ಮತ್ತೆ ಹೊಸದು. ನಡುವೆ ರಾಜಿ ಸಂಧಾನ ಶುರುವಾದರೆ ಅದು ನಡೆಯುವಷ್ಟು ದಿನವೂ, ಮುಗಿದ ಮೇಲೆ 7 ದಿನವೂ ಮುಷ್ಕರ ಇಲ್ಲ. ಅರ್ಧದಷ್ಟು ಅಥವಾ ಹೆಚ್ಚು ಜನ ಒಂದೇ ದಿನ ಸಾಮೂಹಿಕ ರಜೆ ಹಾಕಿದರೆ ಅದೂ ಮುಷ್ಕರವೇ.

ಚಂದಾ ವಿಷಯದಲ್ಲಿ ಹುಷಾರು. ಅಕ್ರಮ ಮುಷ್ಕರದಲ್ಲಿ ಪಾಲ್ಗೊಂಡ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ, ಅಕ್ರಮ ಎಂದು ಗೊತ್ತಿದ್ದೂ ಹಣ ಖರ್ಚು ಮಾಡಿದವರಿಗೆ 10,000ದಿಂದ 50,000, ಸಜೆ ಅಷ್ಟೇ. ಅಂದರೆ ನೋಟಿಸಿನ ದಿನ ಎಣಿಸುವಾಗ ನೀವು ತಪ್ಪಿದರೆ ಅದರ ಬಿಸಿ ಊರಿನ ಕಿರಾಣಿ ಅಂಗಡಿಯವನಿಗೂ ತಟ್ಟಬಹುದು. ಜೊತೆಗೆ ಬಂದವರನ್ನು ಹೀಗೆ ಸಿಕ್ಕಿಸಬಾರದು. ಮುಷ್ಕರ ನಿಧಿಯ ರಸೀದಿ ಪುಸ್ತಕ ಬೇರೆ, ಕುಟುಂಬಗಳಿಗೆ ದವಸಧಾನ್ಯದ ಪುಸ್ತಕ ಬೇರೆ ಇಡಿ. ಹಣ ಸಂಘದ ಬ್ಯಾಂಕ್ ಖಾತೆಗೆ ಮಾತ್ರ, ಯಾರದೋ ಫೋನ್‌ಪೇ ನಂಬರಿಗಲ್ಲ.

ಕಾರ್ಮಿಕರು ಮುಷ್ಕರ ಮಾಡುವಂತಿಲ್ಲದ ಆ 14 ದಿನ, ಸಂಧಾನದ ವಾರಗಳು ಬರಿದಾಗಿ ಹೋಗುತ್ತವೆ, ಅಲ್ಲೇ ಹುಮ್ಮಸ್ಸು ಇಳಿಯುವುದು. ಆದರೆ ಹಳ್ಳಿಯವರು ಕಾರ್ಖಾನೆಯ ಕಾರ್ಮಿಕರಲ್ಲ. ಗ್ರಾಮಸಭೆಯಲ್ಲಿ ನಿರ್ಣಯ, ಹೆಂಗಸರ ಧರಣಿ, ಡಿಸಿಗೆ ಮನವಿ ಇದಕ್ಕೆಲ್ಲ ಈ ತಡೆ ತಟ್ಟುವುದಿಲ್ಲ. ಪೊಲೀಸರಿಗೆ ಮುಂಚೆ ಬರೆದುಕೊಡಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಇಲ್ಲ, ಅಷ್ಟೇ. ನೀವು ಕೈಕಟ್ಟಿ ಕೂತ ದಿನಗಳಲ್ಲಿ ಊರು ನಡೆಯಬೇಕು. ಹಳ್ಳಿಯವರನ್ನು ಮುಷ್ಕರದ ದಿನ ಗೇಟಿಗೆ ಕರೆಸಿ ಸಂಖ್ಯೆ ತೋರಿಸುವುದು ಅವರ ಬಲದ ಅತಿ ಕಡಿಮೆ ಬಳಕೆ.

ಕಲಮು, ರಾಯಚೂರು

49ರದು ನಾ ಹೇಳ್ತೀನ್ರಿ. ಗುತ್ತಿಗೆ ಕಾರ್ಮಿಕರ ನಿಯಮ ಮೊದಲು 20 ಮಂದಿಗೆ ಹತ್ತುತ್ತಿತ್ತು, ಈಗ 50. ಅದಕ್ಕ ಲೈಸೆನ್ಸ್ ತಪ್ಪಿಸಲಿಕ್ಕೆ ಅಣ್ಣನ ಹೆಸರಿಗಿ 49, ತಮ್ಮನ ಹೆಸರಿಗಿ 49 ಮಾಡ್ತಾರ. ಆದ್ರ ಕಾನೂನಿನಾಗ ಎರಡು ಲೆಕ್ಕ ಅದ. ಗುತ್ತಿಗೆದಾರಂದು ಒಂದು, ಕಾರ್ಖಾನೀದು ಇನ್ನೊಂದು. ಎಲ್ಲಾ ಗುತ್ತಿಗೆದಾರರ ಮಂದಿ ಕೂಡಿ 50 ದಾಟಿದ್ರ ಕಾರ್ಖಾನಿಗಿ ಅದು ಹತ್ತೇ ಹತ್ತುತದ. ಗುತ್ತಿಗೆದಾರ ಪಗಾರ ಕೊಡಲಿಲ್ಲಂದ್ರ ಮೂಲ ಮಾಲೀಕ ಕೊಡಬೇಕು.

ದಾಖಲಿ ಇಲ್ಲದ ಇದ್ಯಾವುದೂ ನಡಿಯಂಗಿಲ್ಲ. ಒಬ್ಬೊಬ್ಬರದೂ ಯುಎಎನ್ (ಪಿಎಫ್‌ನ ಖಾಯಂ) ನಂಬರ್, ಪಿಎಫ್ ಪಾಸ್‌ಬುಕ್ಕಿನ ಪ್ರತಿ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ನಂಬರ್, ನೇಮಕಾತಿ ಪತ್ರ, ಮೂರು ತಿಂಗಳ ಪಗಾರ ಚೀಟಿ ತಗೋರಿ. ನೇಮಕಾತಿ ಪತ್ರ ಕೊಡೂದು ಈಗ ಕಡ್ಡಾಯ. ಪಿಎಫ್ 12 ಪರ್ಸೆಂಟ್, ಇಎಸ್‌ಐ 0.75 ಪರ್ಸೆಂಟ್ ಪಗಾರದಾಗ ಮುರಿದಿದ್ದು ಚೀಟಿಯಾಗ ಅದ, ಪಿಎಫ್ ಪಾಸ್‌ಬುಕ್ಕಿನಾಗ, ಇಎಸ್‌ಐ ಖಾತೆಯಾಗ ಇಲ್ಲಂದ್ರ ಅದೇ ನಿಮ್ಮ ಮೊದಲ ಕೇಸು. ಗುತ್ತಿಗೆದಾರ ಬದಲಾದಾಗ ಹಳೆಯವ "ಬಿಟ್ಟ ದಿನಾಂಕ" ನಮೂದಿಸಲಾರದ ಹೋಗ್ತಾನ, ದುಡ್ಡು ವರ್ಗ ಆಗಂಗಿಲ್ಲ. ಕೊನೇ ವಂತಿಗಿ ಬಿದ್ದು ಎರಡು ತಿಂಗಳಾದ ಮ್ಯಾಲ ಆ ದಿನಾಂಕ ಕೆಲಸಗಾರನೇ ಪೋರ್ಟಲ್‌ನಾಗ ಹಾಕ್ಕೋಬಹುದು. ಇದನ್ನ ಸಂಘದ ಆಫೀಸಿನಾಗ ಕುಂತು ಮಾಡಿಕೊಟ್ರಿ ಅಂದ್ರ, ಕಾರ್ಖಾನಿ ಹೊರಗಿನ ಹಮಾಲರು, ಗಾರೆಯವರೂ ತಮ್ಮ ಕಾರ್ಡು ಹಿಡಕೊಂಡು ಬರ್ತಾರ. ಕಟ್ಟಡ ಕಾರ್ಮಿಕರ ಮಂಡಳಿಗಿ 90 ದಿನದ ಕೆಲಸದ ಪ್ರಮಾಣಪತ್ರ, ಹಮಾಲರಿಗಿ ಅಸಂಘಟಿತ ಕಾರ್ಮಿಕರ ಅಂಬೇಡ್ಕರ್ ಸಹಾಯ ಹಸ್ತದ ಕಾರ್ಡು. ವಾರಕ್ಕ ಎರಡು ಸಂಜಿ ಸಾಕು.

ಶಕ್ತಿನಗರ ಬೂದಿ, ರಾಯಚೂರು

ಒಂದು ಮಾತು ಯಾರೂ ಎತ್ತಲಿಲ್ಲ. "ಸ್ಥಳೀಯರಿಗೇ ಕೆಲಸ" ಅಂತ ಬ್ಯಾನರ್ ಹಾಕಿದ ದಿನ ಒಡಿಶಾ, ಬಿಹಾರ, ಜಾರ್ಖಂಡ್ ಹುಡುಗರು ಗುತ್ತಿಗೆದಾರನ ಕಡಿಗಿ ಹೋಗ್ತಾರ. ನಿಮ್ಮ ಜಾಗದಾಗ ತರೂದು ಅವರನ್ನೇ. "ಈಗಿದ್ದವರನ್ನ ತೆಗಿಬ್ಯಾಡ್ರಿ, ಹೊಸ ಭರ್ತಿಯಾಗ ಭೂಮಿ ಕಳಕೊಂಡವರಿಗಿ ಮೊದಲು" ಅಂತ ಬರೀರಿ. ಕರಪತ್ರದ ಬೆನ್ನಿಗಿ ಹಿಂದಿಯಾಗ ಅದೇ ಮಾತು. ಹೊರರಾಜ್ಯದವರಿಗಿ ವರ್ಷಕ್ಕೊಮ್ಮಿ ಊರಿಗಿ ಹೋಗಿಬರೋ ಪ್ರಯಾಣದ ದುಡ್ಡು ಮಾಲೀಕ ಕೊಡಬೇಕಂತ ಹೊಸ ಸಂಹಿತೆಯಾಗ ಅದ, ಅದನ್ನ ಬೇಡಿಕೆಯಾಗ ಹಾಕ್ರಿ.

ಲಾರಿ ಮಾಲೀಕರನ್ನ ಭಾಳ ನಂಬಬ್ಯಾಡ್ರಿ. ಅವರ ಬಾಡಿಗಿ ಕಂಪನಿ ಕೈಯಾಗ ಅದ. ಡ್ರೈವರು, ಕ್ಲೀನರನ್ನ ಬ್ಯಾರೆ ಕರದು ಮಾತಾಡ್ರಿ.

ಸಜ್ಜಿ ರೊಟ್ಟಿ, ಕೊಪ್ಪಳ

ಊಟದ ಲೆಕ್ಕ ಗಂಡಸರು ಯಾವತ್ತೂ ಕೊನಿಗೆ ಮಾಡ್ತಾರ, ಅದಕ್ಕ ನಾನ ಬರೀತೀನಿ. ಧರಣಿಗೆ 200 ಮಂದಿ, ತಲಿಗೆ ಎರಡು ರೊಟ್ಟಿ ಅಂದ್ರ 400. ಒಂದು ಕಿಲೊ ಹಿಟ್ಟಿಗೆ ಸುಮಾರು 15. ಅಲ್ಲಿಗೆ 27 ಕಿಲೊ. ಒಂಬತ್ತು ಮಹಿಳಾ ಸಂಘಕ್ಕ ಮೂರು ಮೂರು ಕಿಲೊ ಹಂಚ್ರಿ, ಯಾರಿಗೂ ಭಾರ ಆಗಂಗಿಲ್ಲ. ಜೋಡಿಗೆ ಶೇಂಗಾ ಚಟ್ನಿ, ಎರಡು ದಿನ ಇಟ್ರೂ ಕೆಡಂಗಿಲ್ಲ. ಪಲ್ಯ ಬ್ಯಾಡ, ಬಿಸಲಾಗ ಹಳಸ್ತೈತಿ. ಮುಷ್ಕರ ವಾರ ದಾಟಿದ್ರ ತೀರಾ ಬಡ 120 ಕುಟುಂಬಕ್ಕ ವಾರಕ್ಕ 8 ಕಿಲೊ ಅಕ್ಕಿ ಹಿಡೀರಿ, 960 ಕಿಲೊ, 25 ಕಿಲೊದ 39 ಚೀಲ. ಕಾರಟಗಿ, ಗಂಗಾವತಿ ಅಕ್ಕಿ ಗಿರಣಿ ಹಮಾಲರ ಸಂಘಗಳನ್ನ ಮೊದಲ ಹೋಗಿ ಮಾತಾಡಿಸಿ ಬರ್ರಿ. ಅವರ ಕೂಲಿ ದರ ಏರಿಸೋ ಸಮಯದಾಗ ನಿಮ್ಮ 50 ಮಂದಿ ಅವರ ಕಡಿ ಹೋಗಿ ಕುಂತಿರಬೇಕು ಮತ್ತ. ಬರೇ ಕೈಯೊಡ್ಡಿದ್ರ ಆಗೂದಿಲ್ಲ.

ಹೊಲದ ದಿನಮಾನ ನೋಡ್ರಿ. ಮೃಗಶಿರಾ ಮಳಿ ಬಿದ್ದ ವಾರ ಬಿತ್ತಿಗಿ, ಆವಾಗ ಒಬ್ರೂ ಬರಂಗಿಲ್ಲ. ಎಳ್ಳ ಅಮಾಸಿ, ಗವಿಮಠದ ಜಾತ್ರಿ ದಿನಾನೂ ಬ್ಯಾಡ.

ಎಡದಂಡೆ, ಗಂಗಾವತಿ

ಇನ್ನೊಂದು ಜಾಗ ಬಿಟ್ಟಿದ್ವಿ. ಕಾರ್ಖಾನಿ ವಿಸ್ತರಣಿ ಅಂದ್ರ ಹೆಚ್ಚಾಗಿ ಪರಿಸರ ಸಾರ್ವಜನಿಕ ವಿಚಾರಣಿ ಬರ್ತೈತಿ. ಕೇಂದ್ರದ 2006ರ ಪರಿಸರ ಅಧಿಸೂಚನಿ ಪ್ರಕಾರ ಕನಿಷ್ಠ 30 ದಿನ ಮೊದಲ ಪೇಪರ್‌ನ್ಯಾಗ ಪ್ರಕಟಣಿ, ಒಂದು ಕನ್ನಡ ಪೇಪರ್‌ನ್ಯಾಗೂ ಇರಬೇಕು. ಪರಿಸರ ಪರಿಣಾಮದ ವರದಿ ಸಾರಾಂಶ ಕನ್ನಡದಾಗ ಡಿಸಿ ಕಚೇರಿಯೊಳಗ ನೋಡಾಕ ಸಿಗಬೇಕು. ಡಿಸಿ ಇಲ್ಲಾ ಅವರು ಕಳಿಸಿದ ಅಧಿಕಾರಿ ಕುಂತು ನಡಸ್ತಾರ, ವಿಡಿಯೊ ಆಕ್ಕತಿ. ಅವತ್ತ ಸಂಘದವ್ರೂ ಹಳ್ಳಿಯವ್ರೂ ಒಂದ ಲಿಖಿತ ಹೇಳಿಕಿ ಕೊಡ್ರಿ. ಧೂಳಿನ ಅಳತಿ ಗೇಟಿನ ಮುಂದ ಬೋರ್ಡ್ ಮ್ಯಾಲ ಕಾಣಬೇಕು, ಗುತ್ತಿಗೆ ಕಾರ್ಮಿಕರ ಆರೋಗ್ಯ ತಪಾಸಣಿ ವರದಿ ಅವರ ಕೈಗೇ ಸಿಗಬೇಕು, ಈ ಎರಡಕ್ಕ ಒತ್ತು ಕೊಡ್ರಿ. ಬಾಯಿಮಾತಿಗೆ ಸಿಗೂದು ಎರಡು ಮೂರು ನಿಮಿಷ, ಮೈಕ್ ಯಾವಾಗ ಕೈ ಬಿಡ್ತೈತೋ ಗೊತ್ತಿಲ್ಲ. ಕಾಗದ ಕೊಟ್ಟಿದ್ರ ನಡಾವಳಿಯೊಳಗ ಉಳಿತೈತಿ.

ಗೇಟ್ ನಂಬರ್ ಎರಡು, ಕೊಪ್ಪಳ

ಟೆಂಡರ್‌ಗೆ ಇನ್ನ 80 ದಿನ ಐತಿ ಅಂದ್ರ ಯಾವ ದಿನ ಏನು? ಮತ್ತ ಮನವಿಯೊಳಗ ಕೆಲಸ ಮುಂದುವರಿಕಿ ಮಾತು ಹ್ಯಾಂಗ ಬರೀಬೇಕು?

ಹಾಜರಿ ಪುಸ್ತಕ, ಬಳ್ಳಾರಿ

ಟೆಂಡರ್ ದಿನದಿಂದ ಹಿಂದಕ್ಕೆ ಎಣಿಸಿ. 80ರಿಂದ 65 ಊರುವಾರು ಪಟ್ಟಿ, ದಾಖಲೆ ಸಂಗ್ರಹ, ಮನೆ ಭೇಟಿ. 65ರಿಂದ 50 ತಾಟಿನ ಲೆಕ್ಕ, ಅದರ ಜೊತೆಗೇ ಒಂದು ಪುಟದ ಒಪ್ಪಂದ. 50ಕ್ಕೆ ಬೇಡಿಕೆ ಪಟ್ಟಿ ಕಂಪನಿಗೂ ಮೂವರು ಗುತ್ತಿಗೆದಾರರಿಗೂ. 45ರೊಳಗೆ ಕನಿಷ್ಠ ಎರಡು ಪಂಚಾಯಿತಿಗಳ ಗ್ರಾಮಸಭೆಯಲ್ಲಿ ನಿರ್ಣಯ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲದೆ ಮಾಡಿದ ನಿರ್ಣಯ ಹರಿದ ಚೀಟಿ ಇದ್ದಂತೆ, ಸಹಿ ಪುಸ್ತಕ ನೋಡಿಕೊಳ್ಳಿ. 40ಕ್ಕೆ ಮುಷ್ಕರ ನೋಟಿಸ್. ಆಗ ಸಂಧಾನಕ್ಕೂ ಜಾಗ ಉಳಿಯುತ್ತದೆ. ಇನ್ನೂ ತಡ ಮಾಡಿ 20ಕ್ಕೆ ಕೊಟ್ಟರೆ ಸಂಧಾನದ ದಿನಾಂಕ ಎರಡು ಸಲ ಮುಂದಕ್ಕೆ ಹೋಗುವಷ್ಟರಲ್ಲಿ ಹೊಸ ಗುತ್ತಿಗೆದಾರ ಒಳಗೆ ಬಂದಿರುತ್ತಾನೆ.

ಬರೆಯುವ ಮಾತು: "ಹೊಸ ಟೆಂಡರ್‌ನ ಷರತ್ತಿನಲ್ಲಿ, ಈಗ ಕೆಲಸದಲ್ಲಿರುವ ಲಗತ್ತಿಸಿದ ಪಟ್ಟಿಯ ಎಲ್ಲ ಕಾರ್ಮಿಕರನ್ನು ಅದೇ ಕೆಲಸದಲ್ಲಿ, ಅದೇ ಅಥವಾ ಹೆಚ್ಚಿನ ವೇತನದಲ್ಲಿ, ಹಿಂದಿನ ಸೇವಾವಧಿ ಸೇರಿಸಿ ಮುಂದುವರಿಸತಕ್ಕದ್ದು ಎಂದು ನಮೂದಿಸಬೇಕು." ಪಟ್ಟಿಯಲ್ಲಿ ಹೆಸರು, ಯುಎಎನ್, ಸೇರಿದ ದಿನಾಂಕ, ವಿಭಾಗ ಇರಲಿ. "ಆದ್ಯತೆ ನೀಡಬೇಕು" ಎಂಬ ಪದ ಎಲ್ಲೂ ಬೇಡ. ಆದ್ಯತೆ ಅಂದರೆ ಕೇಳಿ ಕಳಿಸಿದರೂ ಆಯಿತು.

ಡಿಸಿ ಕಚೇರಿಗೆ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಬನ್ನಿ. ಬೆಳಿಗ್ಗೆ 11ಕ್ಕೆ ಹೋಗಿ. ಒಂದೂವರೆಗೆ ಹೋದರೆ ಟಪಾಲು ವಿಭಾಗದವರು ಊಟಕ್ಕೆ ಎದ್ದಿರುತ್ತಾರೆ.